ಸದನ ಕರೆಯಲು ಯಾರು ಅಡ್ಡ ಬಂದರು?

‘ಅಧಿವೇಶನದವರೆಗೆ ಕಾಯಲು ಆಗುವುದಿಲ್ಲ, ಸುಗ್ರೀವಾಜ್ಞೆ ತರುತ್ತೇವೆ.’ ಈ ವಾರ ಸಚಿವರೊಬ್ಬರು ಟಿ.ವಿ. ಮೈಕುಗಳ ಮುಂದೆ ಹೀಗೆಂದಾಗ ಮೈ ಉರಿಯಿತು. ಅಧಿವೇಶನ ಯಾವಾಗ ಎಂದು ತೀರ್ಮಾನಿಸುವುದು ಅವರದೇ ಸಂಪುಟ. ತಾವೇ ಸದನ ಕರೆಯದೆ, ಸದನ ಇಲ್ಲವೆಂಬ ನೆಪ ಹೇಳುವುದೇ?

ಇದರಲ್ಲಿ ಪಕ್ಷಭೇದವಿಲ್ಲ. ಗೋಹತ್ಯೆ ನಿಷೇಧ, ಮತಾಂತರ ನಿಷೇಧ ಎರಡೂ ವಿಧಾನಸಭೆ ದಾಟಿ ಪರಿಷತ್ತಿನಲ್ಲಿ ನಿಂತವು. ಅಲ್ಲಿ ಸಂಖ್ಯಾಬಲವಿಲ್ಲದ ಬಿಜೆಪಿ ಸರ್ಕಾರ 2021ರಲ್ಲೂ 2022ರಲ್ಲೂ ರಾಜಭವನದ ದಾರಿ ಹಿಡಿಯಿತು. 2025ರ ಫೆಬ್ರುವರಿಯಲ್ಲಿ ಕಾಂಗ್ರೆಸ್ಸಿನ ಸರದಿ. ಮೈಕ್ರೋಫೈನಾನ್ಸ್ ವಸೂಲಿಗಾರರ ಕಾಟಕ್ಕೆ ಜನ ಊರು ಬಿಡುತ್ತಿದ್ದರು, ಜೀವ ಕಳೆದುಕೊಳ್ಳುತ್ತಿದ್ದರು. ತುರ್ತು ಇತ್ತು, ಒಪ್ಪುತ್ತೇನೆ. ಆದರೆ ರಾಜ್ಯಪಾಲರು ಆ ಸುಗ್ರೀವಾಜ್ಞೆಯನ್ನು ಒಮ್ಮೆ ವಾಪಸು ಕಳಿಸಿ, ಕೊನೆಗೆ ಅಂಕಿತ ಹಾಕಿದಾಗ ಬಜೆಟ್ ಅಧಿವೇಶನಕ್ಕೆ ಮೂರು ವಾರವೂ ಉಳಿದಿರಲಿಲ್ಲ. ಅದನ್ನೇ ಮೊದಲು ಕರೆದಿದ್ದರೆ ಆಗುತ್ತಿರಲಿಲ್ಲವೇ? 10 ವರ್ಷದವರೆಗೆ ಜೈಲಿಗೆ ಕಳಿಸುವ ಕಾನೂನು ಅದು. ಅದಕ್ಕೆ ಹೆದರಿ ಸಾಲ ಕೊಡುವವರು ಹಿಂದೆ ಸರಿದರೆ, ಮುಂಗಾರಿನಲ್ಲಿ ಬೀಜ, ಗೊಬ್ಬರಕ್ಕೆ ದುಡ್ಡು ಬೇಕಾದ ಸ್ವಸಹಾಯ ಸಂಘದ ಹೆಣ್ಣುಮಗಳು ಇನ್ನು ಯಾರ ಬಾಗಿಲಿಗೆ ಹೋಗಬೇಕು ಎಂದು ಒಬ್ಬ ಶಾಸಕನಾದರೂ ಮೊದಲೇ ಕೇಳಬೇಕಿತ್ತು.

ಈ ಚಾಳಿ ಎಲ್ಲಿಗೆ ಮುಟ್ಟುತ್ತದೆಂದು ಬಿಹಾರ ತೋರಿಸಿದೆ. ಪುಣೆಯ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞ ಡಿ.ಸಿ. ವಾಧ್ವಾ ಅಲ್ಲಿನ ದಾಖಲೆ ಕೆದಕಿದಾಗ, 1967ರಿಂದ 1981ರೊಳಗೆ 256 ಸುಗ್ರೀವಾಜ್ಞೆಗಳು ಹೊರಟಿದ್ದು ಕಂಡಿತು. ಕಬ್ಬಿನ ಕುರಿತ ಒಂದು ಆಜ್ಞೆಯನ್ನಂತೂ ಮತ್ತೆ ಮತ್ತೆ ಹೊರಡಿಸಿ ಸುಮಾರು 14 ವರ್ಷ ಬದುಕಿಸಿಟ್ಟಿದ್ದರು. ಸದನ ಸೇರಿದ ಆರು ವಾರಕ್ಕೆ ಸಾಯಬೇಕಾದ ಆಜ್ಞೆ ಅದು! ವಾಧ್ವಾ ಬಿಡಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. 1986ರ ಡಿಸೆಂಬರಿನಲ್ಲಿ ನ್ಯಾಯಾಲಯ ಇದನ್ನು ಸಂವಿಧಾನಕ್ಕೆ ಬಗೆದ ವಂಚನೆ ಎಂದಿತು. ಅವರ ಶ್ರಮಕ್ಕೆ 10,000 ರೂಪಾಯಿ ಕೊಡಿಸಿತು. ನಮ್ಮ ಶಾಸಕರಲ್ಲಿ ಎಷ್ಟು ಜನರಿಗೆ ಆ ಮೇಷ್ಟರ ಹೆಸರು ಗೊತ್ತು?

ನನ್ನ ಹಳೆಯ ತಕರಾರನ್ನು ಮತ್ತೆ ಎತ್ತುತ್ತೇನೆ, ಬೇಸರಿಸಬೇಡಿ. ವರ್ಷಕ್ಕೆ ಕನಿಷ್ಠ 60 ದಿನ ಕಲಾಪ ನಡೆಯಬೇಕೆಂದು 2005ರಲ್ಲಿ ನಮ್ಮ ವಿಧಾನಮಂಡಲವೇ ಕಾನೂನು ಮಾಡಿದೆ. ಅಷ್ಟು ದಿನ ಕೂರದ ವರ್ಷಗಳೇ ಹೆಚ್ಚು. ಕೂತ ದಿನಗಳಲ್ಲೂ ಬಾವಿಗಿಳಿದು ಕೂಗಾಟ, ಆ ಗದ್ದಲದಲ್ಲೇ ಮಸೂದೆಗಳಿಗೆ ಧ್ವನಿಮತದ ಒಪ್ಪಿಗೆ. ಸಚಿವರೇ, ಮೊದಲು ಆ 60 ದಿನ ಸದನ ನಡೆಸಿ ತೋರಿಸಿ. ಸಮಯವಿಲ್ಲ ಎಂಬ ಮಾತನ್ನು ಆಮೇಲೆ ಆಡಿ.