ಬಜೆಟ್ ಅಧಿವೇಶನ: ಅಂಗೀಕಾರಕ್ಕೆ ಕೊರತೆಯಿಲ್ಲ, ಚರ್ಚೆಗೆ ಬರ

ಅಂಗೀಕೃತವಾದ ಮಸೂದೆಗಳ ಸಂಖ್ಯೆಯಿಂದ ಅಧಿವೇಶನದ ಸಾಧನೆಯನ್ನು ಅಳೆಯುವುದು ಸರ್ಕಾರಗಳ ಹಳೆಯ ರೂಢಿ. ಆ ಲೆಕ್ಕದಲ್ಲಿ 2023ರ ಜುಲೈ 3ರಿಂದ ಬೆಂಗಳೂರಿನಲ್ಲಿ ನಡೆದ ವಿಧಾನಮಂಡಲದ ಬಜೆಟ್ ಅಧಿವೇಶನ ಫಲಪ್ರದವೆಂದೇ ಹೇಳಬೇಕು. ಪರಿಶಿಷ್ಟರಿಗೆ ಕಾಮಗಾರಿ ಗುತ್ತಿಗೆಯಲ್ಲಿ ನೀಡುವ ಮೀಸಲಾತಿಯ ಮಿತಿ 50 ಲಕ್ಷ ರೂಪಾಯಿಯಿಂದ 1 ಕೋಟಿಗೆ ಏರಿದ್ದು ಆಗಲೇ. ಆದರೆ ಅಧಿವೇಶನವನ್ನು ಆವರಿಸಿದ್ದ ನೀತಿ ಯಾವ ಮಸೂದೆಯಲ್ಲಿಯೂ ಇರಲಿಲ್ಲ.

ಐದು ಗ್ಯಾರಂಟಿಗಳ ಮಾತಿದು. ಮಹಿಳೆಯರ ಉಚಿತ ಬಸ್ ಪ್ರಯಾಣದ ‘ಶಕ್ತಿ’ ಯೋಜನೆ ಸದನ ಸೇರುವ ಮೊದಲೇ, ಜೂನ್ 11ರಂದು ಆರಂಭವಾಗಿತ್ತು. ಉಳಿದವೂ ಸರ್ಕಾರಿ ಆದೇಶಗಳ ಮೂಲಕವೇ ಬಂದವು. ಸದನದ ಪಾಲಿಗೆ ಉಳಿದದ್ದು ಹಣ ಮಂಜೂರು ಮಾಡುವ ಕೆಲಸ. ಜುಲೈ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ ತಮ್ಮ 14ನೇ ಬಜೆಟ್‌ನ ಗಾತ್ರ 3,27,747 ಕೋಟಿ ರೂಪಾಯಿ. ಗ್ಯಾರಂಟಿಗಳಿಗೆ ವರ್ಷಕ್ಕೆ ಬೇಕಾದದ್ದು ಸುಮಾರು 52,000 ಕೋಟಿ. ಮದ್ಯದ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20ರಷ್ಟು ಏರಿಸಲಾಯಿತು. ಗೃಹಲಕ್ಷ್ಮಿಗೆ ಕೊಡುವ 2,000 ರೂಪಾಯಿಯಲ್ಲಿ ಒಂದು ಪಾಲು ಅದೇ ಮನೆಯ ಯಜಮಾನನ ಜೇಬಿನಿಂದಲೇ ಬರುವುದೆಂದರೆ ಅದೊಂದು ವಿಚಿತ್ರ ಸಮಾಜವಾದ!

ಶಾಸನದ ಬಲವಿಲ್ಲದ ಹಕ್ಕು ಎಷ್ಟು ಗಟ್ಟಿ ಎಂಬ ಪ್ರಶ್ನೆಯನ್ನು ಸದನ ಕೇಳಬೇಕಿತ್ತು. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿ ಕೇಂದ್ರದಿಂದ ದೊರೆಯದೆ ಹೋದಾಗ ಕಿಲೋಗೆ 34 ರೂಪಾಯಿಯಂತೆ ತಲಾ 170 ರೂಪಾಯಿ ನೀಡಲು ಸರ್ಕಾರ ನಿರ್ಧರಿಸಿತು. 2025ರಲ್ಲಿ ಹಣದ ಬದಲು ಮತ್ತೆ ಅಕ್ಕಿಯನ್ನೇ ಕೊಡುವ ತೀರ್ಮಾನವಾಯಿತು. ಎರಡೂ ಬದಲಾವಣೆಗಳು ಜನಹಿತಕ್ಕೇ ಇರಬಹುದು. ಆದರೆ ಒಂದು ಆದೇಶ ಕೊಟ್ಟದ್ದನ್ನು ಇನ್ನೊಂದು ಆದೇಶ ಕಸಿಯಲೂ ಬಲ್ಲದು. ಪಡಿತರ ಚೀಟಿ ಹಿಡಿದು ನಿಂತವರಿಗೆ ಅದನ್ನು ಪ್ರಶ್ನಿಸಲು ಕಾಯ್ದೆಯ ಆಧಾರವಿರುವುದಿಲ್ಲ.

ಕೇಳಬೇಕಾದವರು ಎಲ್ಲಿದ್ದರು? ವಿಧಾನಸಭೆಯಲ್ಲಿ 66 ಸ್ಥಾನ ಗೆದ್ದ ಬಿಜೆಪಿ ಇಡೀ ಅಧಿವೇಶನವನ್ನು ವಿರೋಧ ಪಕ್ಷದ ನಾಯಕನಿಲ್ಲದೆ ಕಳೆಯಿತು, ಆರ್. ಅಶೋಕ ಆಯ್ಕೆಯಾದದ್ದು ನವೆಂಬರ್‌ನಲ್ಲಿ. ಜುಲೈ 19ರಂದು, ಪ್ರತಿಪಕ್ಷ ನಾಯಕರ ಬೆಂಗಳೂರು ಸಭೆಗೆ ಬಂದ ಗಣ್ಯರ ಸ್ವಾಗತಕ್ಕೆ ಐಎಎಸ್ ಅಧಿಕಾರಿಗಳನ್ನು ಬಳಸಿಕೊಂಡ ವಿಷಯ ಗದ್ದಲಕ್ಕೆ ಕಾರಣವಾಯಿತು. ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿಯವರತ್ತ ಹರಿದ ಕಾಗದಗಳು ತೂರಿಬಂದವು. ಬಿಜೆಪಿಯ 10 ಶಾಸಕರು ಅಮಾನತಾದರು, ಆ ಪಕ್ಷ ಕಲಾಪದಿಂದ ಹೊರಗುಳಿಯಿತು. ಗದ್ದಲದ ನಡುವೆ ಮಸೂದೆಗಳು ಚರ್ಚೆಯಿಲ್ಲದೆ ಅಂಗೀಕಾರವಾದವು. ಅಮಾನತು ಅತಿಯಾಯಿತೇ ಎಂಬುದು ವಾದದ ವಿಷಯ. ಆಡಳಿತ ಪಕ್ಷಕ್ಕೆ ಅದರಿಂದ ಕೆಲಸ ಹಗುರವಾದದ್ದು ನಿಜ.

ಕೆಳಮನೆಯಲ್ಲಿ 135 ಸ್ಥಾನಗಳ ಕಾಂಗ್ರೆಸ್‌ಗೆ ತಡೆ ಎದುರಾದದ್ದು ತನಗೆ ಬಹುಮತವಿಲ್ಲದ ವಿಧಾನ ಪರಿಷತ್ತಿನಲ್ಲಿ. ಎಪಿಎಂಸಿ ಪ್ರಾಂಗಣದ ಹೊರಗಿನ ವ್ಯಾಪಾರವನ್ನು ಸಮಿತಿಗಳ ಹತೋಟಿಯಿಂದ ಬಿಡಿಸಿದ್ದ 2020ರ ತಿದ್ದುಪಡಿಯನ್ನು ಹಿಂಪಡೆಯುವ ಮಸೂದೆ ವಿಧಾನಸಭೆಯನ್ನು ಸಲೀಸಾಗಿ ದಾಟಿತ್ತು. ಕೇಂದ್ರ ತನ್ನ ಮೂರು ಕೃಷಿ ಕಾಯ್ದೆಗಳನ್ನು 2021ರಲ್ಲಿಯೇ ಹಿಂಪಡೆದಿದ್ದರೂ ರಾಜ್ಯದ ಕಾಯ್ದೆ ಹಾಗೆಯೇ ಉಳಿದಿತ್ತು. ಪರಿಷತ್ತು ಅದನ್ನು ಒಪ್ಪಲಿಲ್ಲ, ತಿರಸ್ಕರಿಸಲೂ ಇಲ್ಲ. ಪರಿಶೀಲನಾ ಸಮಿತಿಗೆ ಒಪ್ಪಿಸಿತು. ಸರ್ಕಾರ ಇದನ್ನು ಹಿನ್ನಡೆಯ ಪಟ್ಟಿಗೆ ಸೇರಿಸಿರಬಹುದು. ಮಸೂದೆಯೊಂದನ್ನು ಸಾವಧಾನವಾಗಿ ಓದಿ ನೋಡುವ ಅವಕಾಶ ಆ ಅಧಿವೇಶನದಲ್ಲಿ ಒದಗಿದ್ದು ಅಲ್ಲಿ ಮಾತ್ರವೇ.