‘ಮನಸ್ಸು ಗಟ್ಟಿ ಮಾಡು ಮಾರಾಯ’ ಅನ್ನುವವರಿಗೆ

ನಮ್ಮ ಬೆಟ್ಟಂಪಾಡಿ ಕಡೆ ಕುಡುಕನಿಗೆ ಪುಕ್ಕಟೆ ಸಿಗುವ ಔಷಧಿ ಒಂದೇ: ಉಪದೇಶ. ‘ಮನಸ್ಸು ಗಟ್ಟಿ ಮಾಡು ಮಾರಾಯ, ನಾಳೆಯಿಂದ ಬಿಟ್ಟುಬಿಡು.’ ಅದಕ್ಕೂ ಬಗ್ಗದಿದ್ದರೆ ದೈವದ ಎದುರು ಆಣೆ. ಆಣೆ ಮುರಿದರೆ ‘ಅವನಿಗೆ ಮಾನ ಮರ್ಯಾದೆ ಇಲ್ಲ’ ಎಂಬ ತೀರ್ಪು. ದೀಪಾವಳಿಗೆ ಬೆಂಗಳೂರಿನಿಂದ ಬರುವ ಸಾಫ್ಟ್‌ವೇರಿನವರು ಹೇಳುವುದೂ ಇದನ್ನೇ.

ನನ್ನ ತಕರಾರು ಸರಳ. ಈ ಮನಸ್ಸು ಗಟ್ಟಿ ಮಾಡುವ ಕೆಲಸ ಯಾರದ್ದು? ಹಣೆಯ ಹಿಂದಿರುವ ಮಿದುಳಿನ ಭಾಗದ್ದು, ಪ್ರಿಫ್ರಂಟಲ್ ಕಾರ್ಟೆಕ್ಸಿನದ್ದು. ಆಸೆಯನ್ನು ತಡೆಯುವುದು, ‘ಇವತ್ತು ಕುಡಿದರೆ ನಾಳೆ ಏನು’ ಎಂದು ಲೆಕ್ಕ ಹಾಕುವುದು, ಬೆಳಿಗ್ಗೆ ಕೊಟ್ಟ ಮಾತನ್ನು ಸಂಜೆಯ ತನಕ ಹಿಡಿದಿಟ್ಟುಕೊಳ್ಳುವುದು, ಎಲ್ಲದರಲ್ಲೂ ಅದರ ಕೈ ಇದೆ. ವರ್ಷಗಟ್ಟಲೆ ವಿಪರೀತ ಕುಡಿದರೆ ಜೋರು ಪೆಟ್ಟು ತಿನ್ನುವುದೂ ಅದೇ. ಇನ್ನೊಂದು ಕಡೆ, ಬಾಟಲಿ ಕಂಡರೆ ಸಾಕು, ಗಡಂಗಿನ ದಾರಿ ಹಿಡಿದರೆ ಸಾಕು, ಡೋಪಮಿನ್ ಕೆರಳುತ್ತದೆ. ಎಳೆಯುವ ಶಕ್ತಿ ಹೆಚ್ಚುತ್ತದೆ, ತಡೆಯುವ ಶಕ್ತಿ ಕುಗ್ಗುತ್ತದೆ. ಕಾಲು ಮುರಿದವನಿಗೆ ‘ಓಡಿಕೊಂಡು ಆಸ್ಪತ್ರೆಗೆ ಹೋಗು’ ಎಂದ ಹಾಗಿದೆ ನಮ್ಮ ಉಪದೇಶ.

‘ಹಾಗಾದರೆ ಹೆಂಡತಿಗೆ ಹೊಡೆದದ್ದಕ್ಕೂ ಮಿದುಳೇ ಕಾರಣವಾ?’ ಅಂತ ಕೇಳ್ತೀರಿ. ಇಲ್ಲ, ಹೊಡೆದದ್ದಕ್ಕೆ ಅವನೇ ಹೊಣೆ. ಆದರೆ ಬೈದ ಮಾತ್ರಕ್ಕೆ ಚಿಕಿತ್ಸೆ ಆಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಮದ್ಯವ್ಯಸನದ ತೊಂದರೆಗಳನ್ನು ಮಾನಸಿಕ ಕಾಯಿಲೆಯ ಲೆಕ್ಕಕ್ಕೆ ಸೇರಿಸಿದೆ.

ಧರ್ಮಸ್ಥಳದ ಮದ್ಯವರ್ಜನ ಶಿಬಿರ ನಮ್ಮ ಜಿಲ್ಲೆಗೆ ಹೊಸತಲ್ಲ. ಅದರಲ್ಲಿ ಎಂಟು ದಿನದ ಶಿಬಿರಕ್ಕಿಂತ ಆಮೇಲಿನ ನವಜೀವನ ಸಮಿತಿಯೇ ದೊಡ್ಡದು ಅನ್ನುತ್ತೇನೆ. ಒಳಗಿನ ಬ್ರೇಕು ದುರಸ್ತಿಯಾಗುವ ತನಕ ಹೊರಗಿನದೊಂದು ಬೇಕು: ಸಂಬಳ ಮನೆಯವರ ಕೈಗೆ, ಸಂಜೆಗೊಬ್ಬ ಜೊತೆಗಾರ, ಗಡಂಗು ಸಿಗದ ದಾರಿ, ವೈದ್ಯರು ಬರೆದರೆ ನಾಲ್ಟ್ರೆಕ್ಸೋನ್‌ನಂಥ ಮಾತ್ರೆ. ಕುಡಿತ ನಿಂತರೆ ತಿಂಗಳುಗಳಲ್ಲಿ ಮಿದುಳು ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಆದರೆ ದಿನಾ ವಿಪರೀತ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಫಿಟ್ಸ್ ಬಂದೀತು, ಭ್ರಮೆ ಹಿಡಿದೀತು, ಜೀವವೇ ಹೋದೀತು. ವೈದ್ಯರ ಕಣ್ಣೆದುರೇ ಬಿಡಿಸಬೇಕು.

ಸಕ್ಕರೆ ಕಾಯಿಲೆಯ ಅಪ್ಪನಿಗೆ ‘ಮನಸ್ಸು ಗಟ್ಟಿ ಮಾಡಿ ಶುಗರ್ ಇಳಿಸಿ’ ಅನ್ನುತ್ತೀರಾ? ಕಾರು ತೆಗೆದು ಪುತ್ತೂರಿನ ಡಾಕ್ಟರ ಹತ್ತಿರ ಕರೆದೊಯ್ಯುತ್ತೀರಿ. ಕುಡಿಯುವ ಚಿಕ್ಕಪ್ಪನನ್ನೂ ಅದೇ ಕಾರಿನಲ್ಲಿ ಕೂರಿಸಿ. ಎಲ್ಲಿಗೆ ಹೋಗಬೇಕೆಂದು ಗೊತ್ತಾಗದಿದ್ದರೆ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಆಣೆ ಹಾಕಿಸುವ ಮೊದಲು ಅಲ್ಲಿಗೊಂದು ಫೋನ್ ಮಾಡಿ.