ಪರಿಮಳವೂ ಪರೀಕ್ಷೆಯ ಕೋಣೆಯೂ

ಹೋದ ಸಂಚಿಕೆ ಕೈಸೇರಿದ ವಾರದಲ್ಲೇ ಪುಣೆಯಿಂದ ಸೋದರಿಯೊಬ್ಬರು ನಮಗೆ ಪತ್ರ ಬರೆದರು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿದೆ. ತೆಳುವಾದ ನಳಿಕೆಯಿಂದ ಗರ್ಭಕೋಶದ ಒಳಗನ್ನು ನೋಡುವ ಹಿಸ್ಟೆರೊಸ್ಕೊಪಿ ಪರೀಕ್ಷೆ ಆಗಬೇಕೆಂದು ವೈದ್ಯರು ಹೇಳಿದ್ದಾರೆ. ಎರಡು ಸಲ ಹೊರಟವರು ಎರಡು ಸಲವೂ ಆಸ್ಪತ್ರೆಯ ಬಾಗಿಲಿನಿಂದಲೇ ಹಿಂತಿರುಗಿದರಂತೆ. "ಲ್ಯಾವೆಂಡರ್ ಎಣ್ಣೆ ಮೂಸಿದರೆ ಹೆದರಿಕೆ ಹೋಗುವುದಂತೆ, ನಿಜವೇ?" ಎಂದು ಕೇಳಿದ್ದರು.

ನಕ್ಕು ಬಿಡುವ ಪ್ರಶ್ನೆಯಲ್ಲ. ಇಂಥ ರಕ್ತಸ್ರಾವ ಎಷ್ಟೋ ಸಲ ನಿರಪಾಯದ್ದೇ. ಆದರೆ ಗರ್ಭಕೋಶದ ಕ್ಯಾನ್ಸರಿನ ಮೊದಲ ಗುರುತೂ ಅದೇ ಆಗಿರಬಹುದು. ಹೆದರಿ ಕಳೆದ ತಿಂಗಳುಗಳು ತಿರುಗಿ ಬರುವುದಿಲ್ಲ.

ಪರಿಮಳ ಮನಸ್ಸನ್ನು ಮುಟ್ಟುವುದು ಸುಳ್ಳಲ್ಲ. ಮೂಗಿನ ಸುದ್ದಿ ಮೆದುಳಿನಲ್ಲಿ ಭಯ, ನೆನಪುಗಳ ಕೇಂದ್ರಗಳನ್ನು ಬಹಳ ಬೇಗ ಸೇರುತ್ತದೆ. ಮಾಟುಂಗಾದ ಹೂವಿನಂಗಡಿಗಳ ಮುಂದೆ ಹಾಯುವಾಗ ನಮಗೆ ಊರಿನ ಮದುವೆಮನೆ ಕಣ್ಣಿಗೆ ಕಟ್ಟುವುದಿಲ್ಲವೇ? ಇದಕ್ಕೆ 'ಅರೋಮಾಥೆರಪಿ' ಎಂಬ ಹೆಸರು ಕೊಟ್ಟು 1937ರಲ್ಲಿ ಪುಸ್ತಕ ಬರೆದವನು ಗ್ಯಾಟ್‌ಫೋಸೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. ವಂಕಿ ಹಾಕುವಾಗ, ಗರ್ಭಕೋಶದ ಪರೀಕ್ಷೆಗಳ ವೇಳೆ ಲ್ಯಾವೆಂಡರ್ ಮೂಸಲು ಕೊಟ್ಟು ನೋಡಿದ್ದಾರೆ. ಕೆಲವರಲ್ಲಿ ಆತಂಕ ತುಸು ಇಳಿದಿದೆ. ನೋವಿನ ವಿಷಯದಲ್ಲಿ ಫಲ ಒಂದೇ ಸಮನಾಗಿಲ್ಲ. ಅಲ್ಲದೆ, ಯಾರಿಗೆ ಎಣ್ಣೆ, ಯಾರಿಗೆ ಬರೀ ನೀರು ಎಂಬುದನ್ನು ಮೂಗಿನಿಂದ ಮುಚ್ಚಿಡುವುದಾದರೂ ಹೇಗೆ!

ಆದುದರಿಂದ ನಾವು ಬರೆದ ಉತ್ತರ ಇಷ್ಟು: ನರ್ಸಮ್ಮನನ್ನು ಕೇಳಿ, ಹತ್ತಿಯ ತುಂಡಿಗೆ ಒಂದೆರಡು ಹನಿ ಹಾಕಿಕೊಂಡು ಹೋಗಿ. ಎಣ್ಣೆಯನ್ನು ಕುಡಿಯಬಾರದು, ಹಾಗೆಯೇ ಮೈಗೆ ಹಚ್ಚಬಾರದು. ಉಬ್ಬಸವಿದ್ದವರಿಗೆ ಬೇಡವೇ ಬೇಡ. ಆದರೆ ನೋವಿಗೆ ಮದ್ದು ಪರಿಮಳವಲ್ಲ. ಮುಂಚೆ ಯಾವ ಮಾತ್ರೆ ತೆಗೆದುಕೊಳ್ಳಬೇಕು, ಮರಗಟ್ಟಿಸುವ ಮದ್ದು ಕೊಡುವರೇ, ಸಾಕೆಂದರೆ ನಿಲ್ಲಿಸುವರೇ ಎಂದು ವೈದ್ಯರನ್ನೇ ಕೇಳಿ. ಇದು ಅಧಿಕಪ್ರಸಂಗವಲ್ಲ. ವಂಕಿ ಹಾಕುವ ಮುನ್ನ ನೋವಿನ ಮಾತನ್ನು ಪ್ರತಿಯೊಬ್ಬ ಹೆಂಗಸಿನೊಡನೆ ಆಡಬೇಕೆಂದು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯಾದ ಸಿಡಿಸಿಯೇ 2024ರಲ್ಲಿ ಹೇಳಿದೆ. ಹಿಂದೊಮ್ಮೆ ಒಂದು ಆಸ್ಪತ್ರೆಯಲ್ಲಿ ನಮ್ಮನ್ನು "ಏನೂ ಆಗುವುದಿಲ್ಲ, ಸುಮ್ಮನೆ ಮಲಗಿ" ಎಂದು ಗದರಿಸಿದ್ದರು. ಆ ಗದರಿಕೆಯ ನಡುಕ ಯಾವ ಅತ್ತರಿಗೂ ಇಳಿಯುವಂಥದ್ದಲ್ಲ.

ಮೊನ್ನೆ ಆ ಸೋದರಿಯ ಎರಡನೆಯ ಪತ್ರ ಬಂತು. ನಾದಿನಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಪರೀಕ್ಷೆ ಮುಗಿಸಿಕೊಂಡರಂತೆ. ಲ್ಯಾವೆಂಡರ್ ಸಿಕ್ಕಲಿಲ್ಲವಂತೆ, ಸೆರಗಿನ ತುದಿಗೆ ನಾಲ್ಕು ಮಲ್ಲಿಗೆ ಮೊಗ್ಗು ಗಂಟುಹಾಕಿಕೊಂಡಿದ್ದರಂತೆ. ವರದಿ ಬರುವುದಕ್ಕೆ ಇನ್ನೂ ಒಂದು ವಾರವಿದೆ.